ಬೂದಿಯಾದ ನಲವತ್ತು ಹಾಡು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ಒಂಬತ್ತು, ಸೋಮವಾರ

ಪ್ರೀತಿಯ ತಂಗೀ,

ಹೇಗಿದ್ದೀಯಮ್ಮಾ? ಬೆನ್ನುನೋವು ಇಳಿಯಿತಾ? ರೋಗಿಗಳನ್ನು ಎತ್ತಿ ಕೂರಿಸುವಾಗ ಮೊಣಕಾಲು ಮಡಿಸು, ಸೊಂಟ ಬಗ್ಗಿಸಬೇಡ ಎಂದು ಹತ್ತು ಸಲ ಬರೆದಿದ್ದೇನೆ. ನರ್ಸಿಗೆ ದರ್ಜಿ ಪಾಠ ಹೇಳುವುದಾ ಎಂದು ನಗಬೇಡ. ಮೂವತ್ತು ವರ್ಷ ಮಷೀನಿನ ಮುಂದೆ ಬಾಗಿ ಕೂತವನಿಗೆ ಸೊಂಟದ ವಿಷಯದಲ್ಲಿ ನಿಮ್ಮ ಯಾವ ಡಾಕ್ಟರಿಗಿಂತಲೂ ಹೆಚ್ಚು ಗೊತ್ತು. ನಾನಂತೂ ಕಲ್ಲುಗುಂಡಿನ ಹಾಗಿದ್ದೇನೆ. ನಿನ್ನ ಮಗಳು ಗುಂಡಿ, ನೀನು ಪರದೇಶಕ್ಕೆ ಹೊರಟಾಗ ನನ್ನ ಎದೆಗೆ ಬರುತ್ತಿದ್ದವಳು, ಈಗ ಕಿವಿಗೆ ಬಂದಿದ್ದಾಳೆ. ಆಸ್ಪತ್ರೆಯವರು ಇನ್ನೆರಡು ವರ್ಷದ ಕರಾರು ಮುಂದಿಟ್ಟಿದ್ದಾರೆ, ಸಹಿ ಹಾಕಲೇ ಎಂದು ಮತ್ತೆ ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ಧ್ಯಾನಕೂಟದ ಸುದ್ದಿ ಕೇಳು.

ನಮ್ಮ ಚರ್ಚಿನ ಯುವ ಗಾಯನವೃಂದ ಶನಿವಾರ, ಭಾನುವಾರ ಸಿಸ್ಟರುಗಳ ಕಾನ್ವೆಂಟಿಗೆ ಧ್ಯಾನಕೂಟಕ್ಕೆ ಹೋಗಿತ್ತು. ಇಪ್ಪತ್ತಮೂರು ಮಕ್ಕಳು, ಫಾದರ್, ಹಾಡಿನ ಮೇಷ್ಟ್ರು, ಮತ್ತು ಮೇಲ್ವಿಚಾರಣೆಗೆ ನಾನು. ಬೆಂಚು ಹೊರುವುದು, ಗಂಟೆ ಬಾರಿಸುವುದು ಮಾತ್ರ ಮಾವನ ಕೆಲಸವಾಗಿತ್ತು ಎಂದು ಗುಂಡಿ ಹೇಳಿಯಾಳು, ನಂಬಬೇಡ. ಶನಿವಾರ ಮಧ್ಯಾಹ್ನದವರೆಗೆ ಎಲ್ಲರಿಗೂ ಮೌನ. ನಾನೂ ಪಾಲಿಸಿದೆ. ಅಡುಗೆಯ ಸಿಸ್ಟರಿಗೆ ಸಾರಿಗೆ ಉಪ್ಪು ಸಾಲದು ಎಂದು ಹೇಳಿದ್ದೊಂದು ಬಿಟ್ಟರೆ ತುಟಿಪಿಟಿಕ್ಕೆನ್ನಲಿಲ್ಲ.

ಚೀಟಿ ಕತ್ತರಿಸುವ ಕೆಲಸವೂ ನನ್ನದೇ. ಎರಡು ಬಗೆಯ ಚೀಟಿ ಬೇಕಿತ್ತು. ಒಂದು ಬಗೆಯದರಲ್ಲಿ ಮಕ್ಕಳು ಮನಸ್ಸಿನ ಭಾರವನ್ನು ಹೆಸರು ಹಾಕದೆ ಬರೆಯಬೇಕು; ಶನಿವಾರ ಸಂಜೆ ಫಾದರ್ ಪ್ರಾರ್ಥನೆ ಮಾಡಿ, ಯಾರೂ ಓದದ ಹಾಗೆ ಅವನ್ನು ಸುಡುತ್ತಾರೆ. ಇನ್ನೊಂದು ಬಗೆಯದರಲ್ಲಿ ಮೇಷ್ಟ್ರು ನಲವತ್ತು ಹಾಡುಗಳ ಮೊದಲ ಸಾಲು ಬರೆದಿಡುತ್ತಾರೆ. ಭಾನುವಾರ ಬೆಳಿಗ್ಗೆ ಯಾರ ಕೈಗೆ ಯಾವುದು ಬರುತ್ತದೋ ಅದನ್ನು ಅಲ್ಲೇ ಹಾಡಬೇಕು. "ಒಂದನ್ನ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಗುರುತು ಸಿಗಲಿ" ಎಂದರು ಮೇಷ್ಟ್ರು. ನನ್ನ ಕತ್ತರಿಗೆ ಅದು ಅವಮಾನವಲ್ಲವೇ? ಅರವತ್ತಮೂರು ಚೀಟಿಯನ್ನೂ ಒಂದೇ ಅಳತೆಗೆ ಕತ್ತರಿಸಿದೆ, ನೂಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಎಲ್ಲರೂ ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಹಾಕಬೇಕೆಂದು ಪಾಠವನ್ನೂ ಮಾಡಿದೆ. ಚೀಟಿ ತುಂಬಲು ಅಂಗಡಿಯಿಂದ ಎರಡು ತಗಡಿನ ಡಬ್ಬಿ ಒಯ್ದಿದ್ದೆ. ಅವೂ ಅವಳಿಜವಳಿ. ಮುಂದಿನದನ್ನು ನೀನೇ ಊಹಿಸಿರುತ್ತೀಯ.

ಸಂಜೆ ಅಂಗಳದಲ್ಲಿ ಬೆಂಕಿ ಹಾಕಿ, ಡಬ್ಬಿಯನ್ನು ನಾನೇ ಎತ್ತಿ ಸುರಿದೆ. ಮಕ್ಕಳು ಕೈ ಕೈ ಹಿಡಿದು ನಿಂತಿದ್ದರು, ಕೆಲವರ ಕಣ್ಣಲ್ಲಿ ನೀರು. ಗುಂಡಿ ಬೆಂಕಿಯನ್ನೇ ನೋಡುತ್ತಿದ್ದಳು. ಎಷ್ಟು ಚೆಂದದ ಉರಿ ಎಂದು ನಾನು ಹಿಗ್ಗಿದೆ. ಬೂದಿಯಾದದ್ದು ಮೇಷ್ಟ್ರ ನಲವತ್ತು ಹಾಡು.

ಭಾನುವಾರ ಬೆಳಿಗ್ಗೆ ಹೇಗೆ ಹಾಡಬೇಕೆಂದು ತೋರಿಸಲು ಮೇಷ್ಟ್ರೇ ಮೊದಲ ಚೀಟಿ ಎತ್ತಿದರು. ಅವರು ಗಂಟಲು ಸರಿಮಾಡಿಕೊಂಡು ಓದಿದ್ದು ಇದು: "ಹಾಡುವಾಗ ಅಮ್ಮನ ದನಿ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಬರುವುದಿಲ್ಲ. ಫೋನಿನಲ್ಲಿ ಮಾತಾಡುವ ದನಿ ಮಾತ್ರ ಬರುತ್ತದೆ. ಅಮ್ಮನ ಹಾಡನ್ನು ಮರೆತದ್ದು ಪಾಪವೇ?" ಯಾರೋ ಒಬ್ಬರು ಇದು ಹೊಸ ಹಾಡಾ ಎಂದರು. ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ಹುಡುಕುತ್ತಿದ್ದರು. ಯಾರದೆಂದು ನನಗೆ ಗೊತ್ತಾಗಿ ಹೋಯಿತು ತಂಗೀ. ದಡಕ್ಕನೆ ಎದ್ದು "ಅದು ನಂದು" ಎಂದುಬಿಟ್ಟೆ. ವೃಂದದಲ್ಲಿ ಗಿಟಾರ್ ನುಡಿಸುವ ಹುಡುಗಿ ಬಿಡಬೇಕಲ್ಲ! "ಮಾಮಾ, ನಿಮ್ಮಮ್ಮ ತೀರಿಕೊಂಡು ಇಪ್ಪತ್ತು ವರ್ಷ ಆಯ್ತಲ್ಲ, ಫೋನ್ ಎಲ್ಲಿಂದ ಮಾಡ್ತಾರೆ?" ಎಂದಳು. ಕೋಣೆಯೆಲ್ಲ ಗೊಳ್ಳೆಂದಿತು. ಆಗ ಗುಂಡಿ ಎದ್ದಳು. "ಮಾವ, ಕೂತ್ಕೋ. ಅದು ನಂದು. ನೀನು ಬರೆದಿದ್ರೆ ಮೂರು ಸಾಲಲ್ಲಿ ಮುಗೀತಿತ್ತಾ?"

ಫಾದರ್ ಬೈಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಮರೆಯುವುದು ಪಾಪವಲ್ಲ ಮಗಳೇ ಎಂದರು. ಉಳಿದ ಚೀಟಿಗಳನ್ನು ಬಲಿಪೂಜೆಗೆ ಮುಂಚೆ ಸುಟ್ಟೆವು. ಈ ಸಲ ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ. ಪೂಜೆಯಲ್ಲಿ ಗುಂಡಿ ಒಂಟಿಯಾಗಿ ಹಾಡಬೇಕಿದ್ದ ಭಾಗವನ್ನು ಎಲ್ಲರೂ ಸೇರಿ ಹಾಡಿದರು.

ಬಸ್ಸಿನಲ್ಲಿ ಬರುವಾಗ ಅವಳು ನನ್ನ ಪಕ್ಕ ಕೂತು, "ಅಮ್ಮ ಹೆಂಗೆ ಹಾಡ್ತಿದ್ರು ಮಾವ? ಒಂದ್ಸಲ ತೋರಿಸು" ಎಂದಳು. ಇಷ್ಟೇನಾ ಎಂದು ಬಾಯಿ ತೆರೆದೆ. ನಿನ್ನ ದನಿ ನನಗೆ ಗೊತ್ತಿಲ್ಲವೇ, ತೊಟ್ಟಿಲಿನಿಂದ ಕೇಳಿದವನು ನಾನು. ಪದಗಳೆಲ್ಲ ಬಂದವು. ಎಲ್ಲಿ ನೀನು ಉಸಿರು ತೆಗೆದುಕೊಳ್ಳುತ್ತಿದ್ದೆ ಎಂಬುದೂ ನೆನಪಿತ್ತು. ದನಿ ಮಾತ್ರ ಬರಲಿಲ್ಲ. ಎರಡು ಸಲ ನೋಡಿದೆ. ಅವಳು ನಗಲಿಲ್ಲ, ನನ್ನ ತೋಳಿಗೆ ತಲೆಯಾನಿಸಿದಳು. ಇದನ್ನೆಲ್ಲ ನಿನಗೆ ಬರೆಯಲೇ ಎಂದು ಕೇಳಿದಾಗ, "ಬರಿ, ಆದ್ರೆ ಉಪ್ಪುಖಾರ ಹಚ್ಬೇಡ" ಎಂದಳು. ಹಚ್ಚಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾತೆ ಮರಿಯಮ್ಮ ನಿನ್ನ ಪ್ರತಿ ಪಾಳಿಯಲ್ಲೂ ನಿನ್ನ ಪಕ್ಕ ನಿಲ್ಲಲಿ. ನಿನ್ನ ಅತ್ತಿಗೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ಇತಿ ನಿನ್ನ ಅಣ್ಣ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ಪತ್ರದಲ್ಲಿ "ಧೈರ್ಯವಾಗಿ ಸಹಿ ಹಾಕು, ಇಲ್ಲಿ ನಾನಿದ್ದೇನೆ" ಎಂದಿದ್ದೆ. ಹಾಕಬೇಡ. ನಾನು ಇರುವುದು ನಿಜ. ಆದರೆ ತಂಗೀ, ನಾನು ಸಾಲದು.