ಹೋಗ್ತೀನಿ ಸರ್

ಮಾರ್ಚ್ ೧೨, ಬುಧವಾರ

ಥೀಸಿಸ್‌ನ ಮೂರನೇ ಅಧ್ಯಾಯ ಮತ್ತೆ ವಾಪಸ್ ಬಂತು. ಜಪಾನೀಯರು ಮನೆಯಿಂದ ಹೊರಡುವಾಗ ‘ಇತ್ತೆ ಕಿಮಸ್’ ಎನ್ನುತ್ತಾರೆ, ಹೋಗಿ ಬರ್ತೀನಿ ಎಂದೇ ಅದರ ಅರ್ಥ. ಬರೀ ಹೋಗ್ತೀನಿ ಎಂದರೆ ನಮ್ಮಜ್ಜಿಯೂ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ ಎಂದು ಎರಡು ಪುಟ ಬರೆದಿದ್ದೆ. ಇಡೀ ಅಧ್ಯಾಯದಲ್ಲಿ ನನಗೆ ಇಷ್ಟವಾಗಿದ್ದು ಅಷ್ಟೇ. ಗೈಡ್ ಏಕಾಂತಯ್ಯನವರು ಅದರ ಮೇಲೇ ಗೀಟು ಎಳೆದಿದ್ದಾರೆ.

“ಪಿಎಚ್‌ಡಿ ಜಪಾನೀಸ್‌ನಲ್ಲಿ ತಾನೇ ಮಾಡ್ತಿರೋದು? ನಿಮ್ಮಜ್ಜಿ ಯಾಕಮ್ಮ ಇಲ್ಲಿ? ಆ ಶಾಸ್ತ್ರನೆಲ್ಲ ಈಗ ಯಾರು ನೋಡ್ತಾರೆ?”

ಐದು ವರ್ಷ ವಾದ ಮಾಡಿ ಸಾಕಾಗಿದೆ. ಜಯಲಕ್ಷ್ಮಿಪುರಂನ ಅವರ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಎಲ್ಲ ಬಿಟ್ಟುಬಿಡುವ ಮನಸ್ಸಿನಲ್ಲೇ, “ಹೋಗ್ತೀನಿ ಸರ್” ಎಂದೆ.

ಅಷ್ಟು ಹೊತ್ತೂ ಪೇಪರ್‌ನಿಂದ ತಲೆ ಎತ್ತದೆ ಮಾತಾಡಿದ ಮನುಷ್ಯ ಬಾಗಿಲ ತನಕ ಎದ್ದು ಬಂದರು.

“ಏ, ಹೋಗ್ತೀನಿ ಅನ್ಬಾರ್ದು ಕಣಮ್ಮ. ಬರ್ತೀನಿ ಅನ್ನು.”

ತಾವು ಏನು ಹೇಳಿದರೆಂದು ಅವರಿಗೇ ಹೊಳೆಯಲಿಲ್ಲ. ನಗುವುದಕ್ಕೂ ನನಗೆ ತ್ರಾಣವಿರಲಿಲ್ಲ. “ಬರ್ತೀನಿ ಸರ್” ಎಂದೆ.

ಅಂದುಬಿಟ್ಟೆನಲ್ಲ, ಇನ್ನು ಬರೆಯಲೇಬೇಕು. ಕಣ್ಣು ಎಳೆಯುತ್ತಿದೆ. ಅಜ್ಜಿಯನ್ನು ತೆಗೆದು ಆ ಜಾಗದಲ್ಲಿ ಇವರನ್ನೇ ಕೂರಿಸಿಬಿಟ್ಟರೆ...