ಕುರ್ಚಿಯ ತೋಳಿನ ಮೇಲಿದ್ದ ಕೈ

ಡಬ್ಲಿನ್, ಕ್ಯಾಲಿಫೋರ್ನಿಯಾ
11 ಏಪ್ರಿಲ್ 2000

ಪ್ರೀತಿಯ ಬಿಂದಕ್ಕಾ,

ಮೊದಲಿಗೆ ಸಾರಿ ಅಕ್ಕ. ಭಾನುವಾರ ಫೋನಲ್ಲಿ ಎಲ್ಲಾ ಚೆನ್ನಾಗಿದೆ ಅಂದವಳು ಮಂಗಳವಾರ ಕಾಗದ ಬರೀತಿದಾಳೆ ಅಂದ್ರೆ ನೀನು ಹೆದರ್ತೀಯ, ಗೊತ್ತು. ಏನ್ಮಾಡ್ಲಿ, ಇಲ್ಲಿ ಫೋನ್ ಇರೋದು ಹಾಲ್‌ನಲ್ಲಿ, ಚಿಕ್ಕಮ್ಮ ಸ್ಪೀಕರ್ ಹಾಕದೆ ಮಾತೇ ಆಡಲ್ಲ. ಈಮೇಲ್ ಮಾಡಿದ್ರೆ ಸೈಬರ್ ಕೆಫೆ ಸುರೇಶ್ ಪ್ರಿಂಟ್ ತೆಗೆದು ನೆಟ್ಟಗೆ ಅಪ್ಪನ ಕೈಗೆ ಕೊಡ್ತಾನೆ. ಅದಕ್ಕೇ ನಿನ್ನ ಸ್ಕೂಲ್ ಅಡ್ರೆಸ್ಸಿಗೆ ಹಾಕ್ತಿದೀನಿ. ನಂದು ಹಾಸ್ಟೆಲ್ ಕನ್ನಡ, ಕೆಂಪು ಇಂಕಲ್ಲಿ ತಿದ್ದಬೇಡಿ ಮಿಸ್.

ನಿನ್ನ ಗಂಟಲು ಹೇಗಿದೆ? ಒಂದನೇ ಕ್ಲಾಸಿನವರ ಹತ್ರ ಕಿರುಚೋದು ಬಿಡು, ಬಿಸಿನೀರು ಕುಡಿ. ಅಪ್ಪನ ಮಂಡಿನೋವು ಕಡಿಮೆಯಾಯ್ತಾ? ನಾನು ಚೆನ್ನಾಗಿದೀನಿ, ಅಂದ್ರೆ ಊಟ ಮಾಡ್ತೀನಿ, ನಿದ್ದೆ ಮಾತ್ರ ಸರಿಯಾಗಿ ಬರ್ತಿಲ್ಲ. ಚಿಕ್ಕಪ್ಪ ಎದ್ದ ಕೂಡಲೇ ಶೇರು ರೇಟ್ ನೋಡ್ತಾರೆ, ಆಮೇಲೆ ಮಧ್ಯಾಹ್ನದವರೆಗೂ ಯಾರ ಹತ್ರಾನೂ ಮಾತಿಲ್ಲ.

ಶುಕ್ರವಾರ ಕಾಲೇಜಿನಿಂದ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ರು. ಸುಲಭ ಅಂತ ಆರ್ಟ್ ಕ್ಲಾಸ್ ತಗೊಂಡಿದ್ನಲ್ಲ, ಅದಕ್ಕೆ. ಒಂದೇ ಚಿತ್ರದ ಮುಂದೆ ನಿಂತು ಕಂಡಿದ್ದೆಲ್ಲ ಬರೀಬೇಕು ಅಂದ್ರು. ನನ್ನ ಪಾಲಿಗೆ ಬಂದವಳು ಇನ್ನೂರು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ಕೌಂಟೆಸ್, ಅಂದ್ರೆ ದೊಡ್ಡ ಜಹಗೀರುದಾರನ ಹೆಂಡತಿ. ಬಾಗಿಲಷ್ಟು ಎತ್ತರದ ಚಿತ್ರ. ನೀಲಿ ರೇಷ್ಮೆ, ಪೌಡರ್ ಮೆತ್ತಿ ಗೋಪುರ ಕಟ್ಟಿದ ಕೂದಲು, ನಮ್ಮ ಜಲಜತ್ತೆ ಬೀಗರ ಮನೇಲಿ ಕೂರ್ತಾರಲ್ಲ ಹಾಗೆ ನೆಟ್ಟಗಿನ ಕತ್ತು. ಒಂದು ಕೈ ಕುರ್ಚಿಯ ತೋಳಿನ ಮೇಲೆ. ಎಲ್ಲರೂ ಮುಖ ನೋಡ್ತಿದ್ರು, ನಂಗೆ ಆ ಕೈ ಮೇಲಿಂದ ಕಣ್ಣು ಕೀಳೋಕೇ ಆಗ್ಲಿಲ್ಲ. ಮುಖಕ್ಕೆ ನಲವತ್ತು ವಯಸ್ಸು, ಕೈಗೆ ಹದಿನೆಂಟು. ಕೇಳಿದ್ರೆ ನಮ್ಮ ಟೀಚರ್, ಈ ಲೇಡಿಗಳು ಮುಖ ಬರೆಸಿಕೊಂಡು ಎದ್ದು ಹೋಗ್ತಿದ್ರು, ಎಷ್ಟೋ ಸಲ ಬೇರೆ ಯಾವಳೋ ಹುಡುಗೀನ ಕೂರಿಸಿ ಕೈ ಬರೆದು ಮುಗಿಸ್ತಿದ್ರು ಅಂದ್ರು. ನಾನು ಜೋರಾಗಿ ನಕ್ಕುಬಿಟ್ಟೆ. ಗಾರ್ಡ್ ಬಂದು ನೋಡಿ ಹೋದ. ನಂಗೆ ನಮ್ಮ ವೀರಣ್ಣನ ಫೋಟೋ ಸ್ಟುಡಿಯೋ ನೆನಪಾಗಿತ್ತು ಅಕ್ಕ.

ಗಂಡಿನ ಕಡೆಯವರಿಗೆ ಕಳಿಸೋ ಫೋಟೋಗೆ ನೀನು ಆ ಕೆತ್ತನೆ ಕುರ್ಚೀಲಿ, ನಾನು ಅದರ ಹಿಂದೆ ಕುಕ್ಕರುಗಾಲಲ್ಲಿ. ನಿನ್ನ ಬಲಗೈ ಬೆನ್ನ ಹಿಂದೆ, ನಿನ್ನ ಸೆರಗಿನ ಕೆಳಗಿಂದ ನನ್ನ ಬಲಗೈ ಕುರ್ಚಿಯ ತೋಳಿನ ಮೇಲೆ. "ಕೈ ಬಚ್ಚಿಟ್ರೆ ನೋಡೋರು ಕೈಯನ್ನೇ ಹುಡುಕ್ತಾರೆ ಕಣಮ್ಮ" ಅಂತ ವೀರಣ್ಣ. "ಉಸಿರು ಬಿಡಬೇಡವೇ ಗಾನವಿ, ಸೆರಗು ಅಲ್ಲಾಡುತ್ತೆ" ಅಂತ ಜಲಜತ್ತೆ. ನೀನು ಒಂದೇ ಸಲ "ಬೇಡ ಅತ್ತೆ" ಅಂದೆ, ಆಮೇಲೆ ನೀನೇ ಕೈ ಹಿಂದಕ್ಕೆ ತಗೊಂಡೆ. ಒಪ್ಪಿಗೆ ಆಗ್ಲಿ, ಆಮೇಲೆ ಅವರೆದುರು ಕೂತು ನಾನೇ ಎಲ್ಲಾ ಹೇಳ್ತೀನಿ ಅಂತ ಅಪ್ಪ ಅಂದಿದ್ರು. ಈ ಚಿತ್ರದ ವಿಷಯ ನಿಂಗೆ ತಮಾಷೆಯಾಗಿ ಬರೀಬೇಕು ಅಂತಲೇ ಬಸ್ಸಲ್ಲಿ ಕೂತು ಯೋಚಿಸ್ತಾ ಬಂದೆ.

ಭಾನುವಾರ ನಗು ಹೋಯ್ತು. ಯುಗಾದಿ ಊಟಕ್ಕೆ ನಾಗಾರ್ಜುನ ಅವರು ತಾಯೀನ ಕರ್ಕೊಂಡು ಮೆನ್ಲೋ ಪಾರ್ಕಿನಿಂದ ಬಂದಿದ್ರು. ನಿಮ್ಮ ಭಾವೀ ಯಜಮಾನ್ರು ಮೂರು ಹೋಳಿಗೆ ತಿಂದು ನಾಲ್ಕನೇದಕ್ಕೆ ನಾಚಿಕೊಂಡ್ರು. ಒಳ್ಳೆಯವರು ಅಕ್ಕ, ಅದೇ ಕಷ್ಟ. ನಾನು ಸಾರು ಬಡಿಸ್ತಿದ್ದೆ. ಅವರಮ್ಮ ನನ್ನ ಕೈ ಹಿಡ್ಕೊಂಡು, ಹೆಬ್ಬೆರಳ ಬುಡದ ಮಚ್ಚೆ ಮೇಲೆ ಬೆರಳಿಟ್ಟು, "ಅಯ್ಯೋ, ನಿಮ್ಮಕ್ಕಂಗೂ ಇಲ್ಲೇ ಅಲ್ವೇನಮ್ಮ! ಒಂದೇ ಅಚ್ಚು!" ಅಂದ್ರು. ನಾಗಾರ್ಜುನ ಅವರು ಪರ್ಸಿನಿಂದ ನಿನ್ನ ಆ ಫೋಟೋ ತೆಗೆದು ಅಮ್ಮನಿಗೆ ತೋರಿಸಿ ನಕ್ಕರು. ಪರ್ಸಲ್ಲೇ ಇಟ್ಕೊಂಡಿದಾರೆ. ನಾನು "ಹೂಂ ಆಂಟಿ" ಅಂದೆ. ಇನ್ನೇನು ಅನ್ಲಿ? ಅಂದ್ರೆ ಅಪ್ಪ ಇನ್ನೂ ಹೇಳಿಲ್ಲ. ವಾರವಾರ ನಾಗಾರ್ಜುನ ಅವರ ಹತ್ರ ಫೋನಲ್ಲಿ ಮಾತಾಡ್ತೀಯಲ್ಲ, ನೀನೂ ಹೇಳಿಲ್ಲ.

ಬೈತಿಲ್ಲ ಅಕ್ಕ. ತೊನ್ನು ಅನ್ನೋ ಪದಾನ ನಮ್ಮನೇಲಿ ಯಾರೂ ಬಾಯಿಬಿಟ್ಟು ಅಂದಿಲ್ಲ, ನಾನೇ ಇವತ್ತು ಮೊದಲು ಬರೆದೆ. ನಿನ್ನ ಕ್ಲಾಸಿನ ಮಕ್ಕಳು "ಮಿಸ್, ಕೈಗೆ ಸೀಮೆಸುಣ್ಣ ಅಂಟಿದೆ" ಅಂದಾಗ ನೀನು ಬಚ್ಚಿಡ್ಲಿಲ್ಲ, ಎಲ್ಲರಿಗೂ ಮುಟ್ಟಿ ನೋಡೋಕೆ ಕೊಟ್ಟೆ. ಅವರಿಗೆ ತೋರಿಸಿದ ಕೈಯನ್ನ ಇವರಿಗೆ ಯಾಕೆ ತೋರಿಸಬಾರದು? ಆ ಕೌಂಟೆಸ್ ಸಾಯೋವರೆಗೂ ತನ್ನ ಮನೆ ಗೋಡೆ ಮೇಲೆ ಇನ್ನೊಬ್ಬಳ ಕೈ ನೋಡ್ಕೊಂಡೇ ಊಟ ಮಾಡಿರಬೇಕು. ನಿನ್ನ ಮದುವೆ ಮನೇಲಿ ಆ ಫೋಟೋ ಫ್ರೇಮ್ ಹಾಕಿಸಿ ಇಡ್ತಾರೆ, ನೋಡ್ತಿರು.

ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು, ಯಾಕೆ ಬರೆದೆ ಅಂತ ಮಾತ್ರ ಹೇಳಬೇಡ. ಜಲಜತ್ತೆಗೆ ಏನೂ ಹೇಳಬೇಡ.

ನಿನ್ನ
ಗಾನವಿ

ತಾ.ಕ. — ಚಿಕ್ಕಮ್ಮ ಕರೀತಿದಾರೆ, ಮುಖ್ಯವಾದ್ದೇ ಬರೆದಿಲ್ಲ. ಹೊರಡೋವಾಗ ಅವರಮ್ಮ ನಿಶ್ಚಿತಾರ್ಥದ ಚಿನ್ನದ ಬಳೆಗೆ ಅಳತೆ ಅಂತ ನನ್ನ ಬಳೆ ಬಿಚ್ಚಿಸಿಕೊಂಡು ಹೋದ್ರು. ಅದು ನಿನ್ನ ಕೈಗೆ ಹತ್ತೋದಿಲ್ಲ ಅಂತ ನಿಂಗೂ ಗೊತ್ತು. ಮೇ ತಿಂಗಳು ಎಲ್ಲರೆದುರು ತೊಡಿಸೋಕೆ ಬಂದಾಗ ಗೊತ್ತಾಗೋದು ಬೇಡ ಅಕ್ಕ. ಇನ್ನೊಂದು ಫೋಟೋ ತೆಗೆಸು, ನಿನ್ನದೇ ಕೈ ಮುಂದಿಟ್ಟುಕೊಂಡು. ನಾನೇ ಅವರಿಗೆ ಕೊಡ್ತೀನಿ. ಬೇಡ ಅಂದ್ರೆ ಬೇಡ ಅಂತಾದ್ರೂ ಬರಿ. ಏನಾದ್ರೂ ಸರಿ, ಬೇಗ ಉತ್ತರ ಬರಿ.