ಕೆರೆಯ ಪಾಚಿ ಅಜ್ಜಿಗೆ ಬೇಡ

ಸುಧಕ್ಕಾ,

ನೀನು ಏಳುವ ಮೊದಲೇ ನಾನು ಹಾಸ್ಟೆಲ್ಲಿಗೆಂದು ಅಕ್ಕಿಆಲೂರಿನ ಬಸ್ಸಿಗೆ ಹೊರಟೆ. ಅಜ್ಜಿಯ ಮರೆವಿಗೆ ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸಬೇಡ. ಪಾಚಿಯ ಸತ್ವ ಮಿದುಳಿನ ಜೀವಕೋಶಗಳನ್ನು ಉಳಿಸಬಹುದು ಎಂದು ನಾನು ಲೈಬ್ರರಿಯಲ್ಲಿ ಓದಿ ಹೇಳಿದೆ, ನೀನು ಅದೇ ಔಷಧ ಎಂದು ಅಜ್ಜಿಗೆ ಹೇಳಿಬಿಟ್ಟೆ. ಅದಿನ್ನೂ ಪ್ರಯೋಗಶಾಲೆಯಲ್ಲಿದೆ. ಕೆರೆಯ ಪಾಚಿ ವಿಷವೂ ಆಗಬಹುದು. ತಂಬಿಗೆಯಲ್ಲಿರುವ ಹಸಿರು ನೀರು ಚೆಲ್ಲು.

ಕುಡಿಯಬೇಡ ಎಂದರೆ ಅಜ್ಜಿ ನಕ್ಕಳು. "ನಿಮ್ಮಜ್ಜ ಕೆರಿಯಾಗ ಬಿದ್ದಾಗಿಂದ ಇದನ್ನ ಕುಡಿಯಾಕತ್ತಾನ. ಅವ ಏನೂ ಮರ್ತಿಲ್ಲ. ನೀ ಹಾಸ್ಟೆಲ್‌ನ್ಯಾಗ ಏನ ಕಲ್ತಿಯೋ!"

ಅಜ್ಜನ ಹೆಣ ಸಿಕ್ಕಾಗ ಕೊರಳಲ್ಲಿ ಲಿಂಗದ ಕರಡಿಗೆ ಇರಲಿಲ್ಲ. ಬೇರೆ ಲಿಂಗ ಕಟ್ಟಿ ಮಣ್ಣು ಮಾಡಿದೆವು. ಕಳೆದಿದ್ದ ಆ ಬೆಳ್ಳಿ ಕರಡಿಗೆ ಇವತ್ತು ಅಜ್ಜಿಯ ದಿಂಬಿನ ಕೆಳಗೆ ಸಿಕ್ಕಿತು, ಪಾಚಿ ಮೆತ್ತಿಕೊಂಡು. ದೇವರ ಜಗಲಿಯ ಮೇಲಿಟ್ಟಿದ್ದೇನೆ. ಅಪ್ಪನಿಗೆ ಈಗಲೇ ಹೇಳಬೇಡ.

ದೆವ್ವಗಿವ್ವ ನಾನು ನಂಬುವುದಿಲ್ಲ. ಅಜ್ಜಿಯೇ ನೀರಿಗೆ ಇಳಿದು ಕೆಸರಲ್ಲಿ ತಡಕಿ ತಂದಿರಬೇಕು. ಮತ್ತೆ ಇಳಿದರೆ ಅವಳೂ ಉಳಿಯುವುದಿಲ್ಲ. ಹಿತ್ತಲ ಬಾಗಿಲಿಗೆ ಕೀಲಿ ಹಾಕು, ಅವಳನ್ನು ಒಬ್ಬಳನ್ನೇ ಬಿಡಬೇಡ.

ಅವಳ ಸೀರೆ ಮಾತ್ರ ಒಣಗಿಯೇ ಇತ್ತು. ಅಜ್ಜ ಮಲಗುತ್ತಿದ್ದ ಕಡೆ ಕೌದಿ ತೊಯ್ದಿದೆ, ಬಿಸಿಲಿಗೆ ಹಾಕು.

ಮಾಲತೇಶ